ಕೇಳದೆ ಬಂದ ಉತ್ತರ

ಎಪ್ಪತ್ತನಾಲ್ಕನೇ ಇಸವಿಯಲ್ಲಿ ನಾನು ಹೆರಿಗೆ ವಾರ್ಡಿನ ಆಯಾ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕೂ ಕಡೆಯ ಹೆಂಗಸರು ಬರುತ್ತಿದ್ದ ಆಸ್ಪತ್ರೆ ಅದು. ಯಾವ ಊರಿನಲ್ಲಿತ್ತು, ಅದರ ಹೆಸರೇನು ಎಂದು ಬರೆಯುವುದಿಲ್ಲ. ಆಗ ಅಲ್ಲಿದ್ದವರಲ್ಲಿ ಕೆಲವರು ಇನ್ನೂ ಬದುಕಿದ್ದಾರೆ. ಅವರ ಮಕ್ಕಳು ನನ್ನ ಬಾಗಿಲಿಗೆ ಬಂದು ಜಗಳ ತೆಗೆಯುವುದು ಬೇಡ. ನಾನು ಹರಿಯಬ್ಬೆಯವಳು. ಅಲ್ಲಿನ ಶಾಲೆಯಲ್ಲಿ ಮೂರನೇ ಕ್ಲಾಸಿನವರೆಗೆ ಕೂತವಳು. ಗಂಡ ಸತ್ತ ಮೇಲೆ ಈ ಕೆಲಸಕ್ಕೆ ಸೇರಿದೆ. ದೊಡ್ಡ ಮಾತು ಬರೆಯಲು ನನಗೆ ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಆಯಾ ಎಂದರೆ ಏನು ಕೆಲಸ ಎಂದು ಈಗಿನವರು ಕೇಳುತ್ತಾರೆ. ಡಾಕ್ಟರದು ಚಿಕಿತ್ಸೆ. ನರ್ಸುಗಳದು ಸೂಜಿ, ಮಾತ್ರೆ, ಬರವಣಿಗೆ. ಮಿಕ್ಕಿದ್ದೆಲ್ಲ ಆಯಾಳದು. ಬಂದವಳ ಸೀರೆ ಬಿಚ್ಚಿಸಿ ಆಸ್ಪತ್ರೆ ಬಟ್ಟೆ ಉಡಿಸುವುದು, ಎನಿಮಾ ಕೊಡುವುದು, ನೋವು ಬಂದಾಗ ಕಾಲು ಹಿಡಿಯುವುದು, ಕೂಸು ತೊಳೆಯುವುದು, ನೆಲ ಒರೆಸುವುದು. ತಾಯಿ ಸತ್ತರೆ ಕಣ್ಣು ಮುಚ್ಚಿ, ಹೊರಗೆ ಹೋಗಿ ಮನೆಯವರಿಗೆ ಹೇಳುವುದೂ ಆಯಾಳದೇ. ಆ ಕೊನೆಯ ಕೆಲಸವನ್ನು ಯಾರೂ ನನಗೆ ಒಪ್ಪಿಸಿರಲಿಲ್ಲ. ಬೇರೆ ಯಾರೂ ಮಾಡುತ್ತಿರಲಿಲ್ಲವಾದ್ದರಿಂದ ನನ್ನದಾಯಿತು.

ಒಬ್ಬರು ಡಾಕ್ಟರಮ್ಮ, ಕೈಬೆರಳಲ್ಲಿ ಎಣಿಸುವಷ್ಟು ನರ್ಸುಗಳು, ಯಾವಾಗಲೂ ತುಂಬಿದ ವಾರ್ಡು. ಹಾಗಾಗಿ ಬಂದವರನ್ನು ನಾವು ಬಾಗಿಲಲ್ಲೇ ಅಳೆದುಬಿಡುತ್ತಿದ್ದೆವು. ನಮ್ಮ ಹೆಡ್ ನರ್ಸು ಸರೋಜಮ್ಮ ತುಮಕೂರು ಕಡೆಯವರು. ಕೆಲಸದಲ್ಲಿ ಬಲು ಚುರುಕು. "ತಿಮ್ಮಕ್ಕ, ಅರ್ಧ ಕೇಸ್ ಶೀಟು ಬಾಗಿಲಲ್ಲೇ ಬರೆದಾಗಿರುತ್ತೆ ಕಣೇ" ಎನ್ನುತ್ತಿದ್ದರು. ಬಜಾರಿನ ಅಂಗಡಿ ಮನೆಯವರು ಬಂದರೆ ಜೊತೆಗೆ ಫ್ಲಾಸ್ಕು, ದಿಂಬು, ಮೂರು ಜನ ಅತ್ತಿಗೆ ನಾದಿನಿಯರು. ಮೊದಲ ನೋವಿಗೇ ಓಣಿಯೆಲ್ಲ ಕೇಳುವಂತೆ ಕೂಗುತ್ತಾರೆ, ಹೆರಿಗೆಗೆ ಇನ್ನೂ ಬೇಕಾದಷ್ಟು ಹೊತ್ತಿದೆ, ಗಾಬರಿ ಬೇಡ ಎಂದು ನಮಗೆ ಗೊತ್ತು. ಸಿರಿಗೆರೆ ಕಡೆಯ ಒಕ್ಕಲು ಮನೆಯವರು ಬಂದರೆ ಕೊರಳಲ್ಲಿ ಲಿಂಗ ಇರುತ್ತದೆ. ತೆಗಿ ಎಂದು ಹೇಳಬಾರದು, ತೋಳಿಗೆ ಕಟ್ಟಿಕೊಟ್ಟರೆ ಮುಗಿಯಿತು. ಇದನ್ನು ತಿಳಿಯದ ಹೊಸ ನರ್ಸೊಬ್ಬಳು ತೆಗಿ ಎಂದು ಹೇಳಿ, ಹೆರಿಗೆಗೆ ಬಂದವಳು ಎದ್ದು ಬಸ್ಸು ಹತ್ತಿ ಹೋದದ್ದನ್ನು ನೋಡಿದ್ದೇನೆ.

ಇನ್ನು ಹಟ್ಟಿಯವರು. ಊರಿನಾಚೆ ಮುಳ್ಳುಬೇಲಿ ಕಟ್ಟಿಕೊಂಡು ಕುರಿ ಸಾಕುವ ಜನ. ಅವರಲ್ಲಿ ಹೆರಿಗೆಯಾದವಳನ್ನು, ಕೂಸನ್ನು ಸೂತಕ ಕಳೆಯುವ ತನಕ, ತೀರಾ ಬೇಕಾದರೆ ಒಬ್ಬ ಮುದುಕಿ ಬಿಟ್ಟು, ಯಾರೂ ಮುಟ್ಟುವುದಿಲ್ಲ. ಹಟ್ಟಿಯ ಹೊರಗೆ ಸಣ್ಣ ಗುಡಿಸಲು ಹಾಕಿ ಅಲ್ಲಿಡುತ್ತಾರೆ. ಗಂಡಸರಂತೂ ಆ ದಿಕ್ಕಿಗೆ ಸುಳಿಯುವುದಿಲ್ಲ. ಆಸ್ಪತ್ರೆಗೆ ಬಂದರೂ ಅದೇ ಕ್ರಮ. ಗಂಡಸರು ಕಾಂಪೌಂಡಿನ ಹೊರಗೆ ಹೊಂಗೆ ಮರದ ಕೆಳಗೆ ಕೂರುತ್ತಾರೆ. ಅದಕ್ಕೇ ಹಟ್ಟಿ ಹೆಂಗಸು ಬಂದರೆ ಹಿಂದಿನ ಬಾಗಿಲ ಪಕ್ಕದ ಮಂಚ ಕೊಡುತ್ತಿದ್ದೆವು. ಜೊತೆಗೆ ಬಂದ ಹೆಂಗಸು ಒಳಗೆ ಕಾಲಿಡದೆ ಬಾಗಿಲಲ್ಲೇ ಮುದ್ದೆ ಇಟ್ಟು ಹೋಗಬಹುದು. ಇನ್ನೊಂದು, ಹಟ್ಟಿ ಹೆಂಗಸರು ಕೂಗುವುದಿಲ್ಲ. ಹಲ್ಲು ಕಚ್ಚಿಕೊಂಡು ಮಲಗಿರುತ್ತಾರೆ. "ಕೂಗೋಳನ್ನ ಒಂದ್ಸಾರಿ ನೋಡಿದ್ರೆ ಇವಳನ್ನ ಮೂರು ಸಾರಿ ನೋಡ್ರೇ" ಎಂದು ಸರೋಜಮ್ಮನೇ ನಮಗೆ ಕಲಿಸಿದ್ದು. ಆ ಒಂದು ಮಾತಿನಿಂದ ಎಷ್ಟೋ ತಾಯಂದಿರು ಉಳಿದಿದ್ದಾರೆ. ಆದ್ದರಿಂದ ಜನರನ್ನು ಗುಂಪು ಗುಂಪಾಗಿ ನೋಡುವುದೇ ಪಾಪ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅವರು ಹೆರಿಗೆ ವಾರ್ಡಿನಲ್ಲಿ ಒಂದು ದಿನ ಕೆಲಸ ಮಾಡಿ ಬಂದು ಹೇಳಲಿ.

ಹಟ್ಟಿಯವರ ಬಗ್ಗೆ ಇನ್ನೊಂದು ಮಾತೂ ನಮ್ಮಲ್ಲಿತ್ತು. ಅವರು ರಕ್ತ ಕೊಡುವುದಿಲ್ಲ. ಇದನ್ನೂ ನಾವು ಸುಮ್ಮನೆ ಕಟ್ಟಿದ್ದಲ್ಲ. ಹಿಂದೆ ಕೇಳಿ ನೋಡಿದ್ದರು. ಒಮ್ಮೆಯಂತೂ ರಕ್ತ ಎಂದ ಕೂಡಲೇ ಮರದ ಕೆಳಗಿದ್ದ ಗಂಡಸರೆಲ್ಲ ಎದ್ದು ಹೋದವರು ಬಸ್ಸಿನ ಹೊತ್ತಿಗೆ ವಾಪಸು ಬಂದರು. ಹೆರಿಗೆಯ ಮೈಲಿಗೆಯನ್ನೇ ಮುಟ್ಟದ ಜನ, ಅದಕ್ಕೆ ತಮ್ಮ ಮೈಯ ರಕ್ತ ಎಲ್ಲಿ ಕೊಡುತ್ತಾರೆ ಎಂದುಕೊಂಡೆವು. ನಾನೂ ಹಾಗೇ ಅಂದುಕೊಂಡಿದ್ದೆ.

ಅವರೂ ನಮ್ಮ ಬಗ್ಗೆ ಒಂದು ಮಾತು ಇಟ್ಟುಕೊಂಡಿದ್ದರು. ಆಸ್ಪತ್ರೆಯ ಆಯಾ, ಅಟೆಂಡರ್ ಹೊರಗೆ ಬಂದರೆ ಕೈ ಚಾಚಲಿಕ್ಕೇ ಬರುತ್ತಾರೆ ಎಂದು. ಅದೂ ಸುಳ್ಳಲ್ಲ. ಕೂಸಿನ ಮುಖ ತೋರಿಸಿದ್ದಕ್ಕೆ, ಬಿಸಿನೀರು ಕೊಟ್ಟಿದ್ದಕ್ಕೆ, ಬಾಗಿಲು ತೆಗೆದಿದ್ದಕ್ಕೆ ನಮ್ಮವರು ಇನಾಮು ಕೇಳುತ್ತಿದ್ದರು. ನಾನೂ ಇಸಕೊಂಡಿದ್ದೇನೆ. ಸಂಬಳ ಸಾಲದು, ಹಾಗೆ ಹೀಗೆ ಎಂದು ಸಬೂಬು ಹೇಳುವುದಿಲ್ಲ.

ಚಿತ್ತಮ್ಮ ಬಂದದ್ದು ಬೇಸಿಗೆಯ ಒಂದು ಬೆಳಿಗ್ಗೆ. ಹೊಸದುರ್ಗ ತಾಲ್ಲೂಕಿನ ಮತ್ತೋಡಿನ ಹತ್ತಿರದ ಹಟ್ಟಿಯವಳು. ನೋವು ಶುರುವಾಗಿದ್ದರೂ ಬಸ್ ನಿಲ್ದಾಣದಿಂದ ನಡೆದೇ ಬಂದಿದ್ದಳು. ಅವಳ ಹಿಂದೆ ಒಬ್ಬ ಮುದುಕಿ, ಅವರಿಬ್ಬರ ಹಿಂದೆ ದೂರದಲ್ಲಿ ಇಬ್ಬರು ಗಂಡಸರು. ಒಬ್ಬ ಬಿಳಿ ಮೀಸೆಯ ಮುದುಕ, ಗಂಡನ ದೊಡ್ಡಪ್ಪ. ಗಿರಿಯಜ್ಜ ಎಂದು ಕರೆಯುತ್ತಿದ್ದರು. ಮುದುಕಿ ಅವನ ಹೆಂಡತಿ. ಇನ್ನೊಬ್ಬ ಗಂಡ, ಕ್ಯಾತಪ್ಪ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಬಾಯಲ್ಲಿ ಮಾತಿಲ್ಲ. ಗಂಡಸರಿಬ್ಬರೂ ಹೊಂಗೆ ಮರದ ಕೆಳಗೆ ಕೂತರು, ಮುದುಕಿ ಅಲ್ಲೇ ಸ್ವಲ್ಪ ದೂರದಲ್ಲಿ. ನಾವು ಚಿತ್ತಮ್ಮನಿಗೆ ಹಿಂದಿನ ಬಾಗಿಲ ಪಕ್ಕದ ಮಂಚ ಕೊಟ್ಟೆವು.

ಬಟ್ಟೆ ಬದಲಿಸುವಾಗ ಕೇಳಿದೆ. "ಎಷ್ಟನೇದೇ ಇದು?"

"ಎರಡನೇದು ಯಕ್ಕ. ಮೊದಲನೇದು ಹಟ್ಟಿ ಹೊರಗ್ಲ ಗುಡ್ಲಾಗೇ ಆತು. ಉಳೀಲಿಲ್ಲ."

"ಈ ಸಾರಿ ಆಸ್ಪತ್ರೆಗೆ ಅಂತ ಯಾರು ಅಂದ್ರು?"

"ಆಯಪ್ಪನೇ."

"ಯಾವ ಅಪ್ಪನೇ?"

ಗಂಡನ ಹೆಸರು ಹೇಳಬಾರದಲ್ಲ. ಗೋಡೆ ಕಡೆ ಮುಖ ತಿರುಗಿಸಿ ನಕ್ಕಳು. "ಅದೇ, ಹೊರಗೆ ಕುಂತೈತಲ್ಲ, ಅದು. ದೊಡ್ಡೋರ ತಾವ ಜಗಳ ಆಡ್ಕಂಡು ಕರ್ಕಂಡು ಬಂತು."

"ಹಟ್ಟಿ ಗಂಡಸು ಹೆಂಡ್ತಿಗೋಸ್ಕರ ಜಗಳ ಆಡಿದ್ನಾ? ಹಂಗಾದ್ರೆ ಈ ವರ್ಷ ಮಳೆ ಚೆನ್ನಾಗಿ ಬತ್ತೈತೆ ಬಿಡು" ಎಂದೆ. ಅವಳೂ ನಕ್ಕಳು, ಪಕ್ಕದ ಮಂಚದವಳೂ ನಕ್ಕಳು. ಆ ಗಂಡ ಬೇರೆ ಥರದವನು ಎಂದು ಅವಳು ನನಗೆ ಬಾಯಿಬಿಟ್ಟು ಹೇಳಿದ್ದಳು. ಅದು ತಮಾಷೆಯಾಗಿ ಹೋಯಿತು.

ಮಧ್ಯಾಹ್ನದ ಊಟದ ಗಾಡಿ ಬರುವ ಹೊತ್ತಿಗೆ ಹೆರಿಗೆಯಾಯಿತು. ಹೆಣ್ಣು ಕೂಸು, ಚೆನ್ನಾಗಿ ಅತ್ತಿತು. ಆದರೆ ಮಾಸು ಬೀಳಲಿಲ್ಲ. ಕೂಸಿನ ಹಿಂದೆಯೇ ಬರಬೇಕಾದ ಮಾಸು ಒಳಗೇ ಅಂಟಿಕೊಂಡರೆ ಗರ್ಭಕೋಶ ಮುದುಡುವುದಿಲ್ಲ, ರಕ್ತ ನಿಲ್ಲುವುದಿಲ್ಲ. ಡಾಕ್ಟರಮ್ಮ ಮತ್ತು ಬರಿಸಿ, ಒಳಗೆ ಕೈಹಾಕಿ ಮಾಸು ತೆಗೆದರು. ಗರ್ಭಕೋಶ ಬಿಗಿಯಲು ಇಂಜೆಕ್ಷನ್ ಕೊಟ್ಟರು. ನನ್ನನ್ನು ಕರೆದು ಹೊಟ್ಟೆಯ ಮೇಲಿಂದ ಹಿಡಿದು ತಿಕ್ಕು ಎಂದರು. ನಾನು ತಿಕ್ಕುತ್ತಿದ್ದೆ. ಸ್ವಲ್ಪ ಹೊತ್ತು ಗಟ್ಟಿಯಾಗುವುದು, ಮತ್ತೆ ಮೆತ್ತಗಾಗುವುದು. ರಕ್ತ ಕಡಿಮೆಯಾಯಿತು, ಆದರೆ ನಿಲ್ಲಲಿಲ್ಲ. ಗ್ಲೂಕೋಸ್ ಬಾಟಲಿ ಏರಿಸಿದರು. ಬಿ.ಪಿ. ನೋಡಿದ ಸರೋಜಮ್ಮ ಡಾಕ್ಟರಮ್ಮನ ಮುಖ ನೋಡಿದರು.

"ರಕ್ತ ಕೊಡಲೇಬೇಕು" ಎಂದರು ಡಾಕ್ಟರಮ್ಮ. "ಮನೆಯವರು ಯಾರಿದ್ದಾರೆ?"

"ಹಟ್ಟಿಯವರು, ಡಾಕ್ಟರ್."

ಡಾಕ್ಟರಮ್ಮ ಬಾಟಲಿಯ ಹನಿ ಜೋರು ಮಾಡಿದರು. "ಆದರೂ ಕೇಳಿಸಿ" ಎಂದರು.

ಆಗ ಈಗಿನ ಹಾಗೆ ಬಾಟಲಿಗಳಲ್ಲಿ ತುಂಬಿಟ್ಟ ರಕ್ತ ನಮ್ಮಲ್ಲಿರಲಿಲ್ಲ. ಬೇಕಾದಾಗ ಯಾರಾದರೂ ಬಂದು ಮಲಗಬೇಕು. ಅವರ ಬೆರಳು ಚುಚ್ಚಿ ಗುಂಪು ನೋಡಿ, ಹೊಂದಿದರೆ ಅಲ್ಲೇ ತೆಗೆದು ಏರಿಸುವುದು. ಮನೆಯವರು ಇಲ್ಲವೆಂದರೆ ಊರಲ್ಲಿ ರಕ್ತ ಮಾರಿಕೊಂಡು ಬದುಕುವ ಒಬ್ಬನಿದ್ದ, ಅವನನ್ನು ಹುಡುಕಬೇಕು. ಅದೂ ಆಗದಿದ್ದರೆ ದಾವಣಗೆರೆಗೆ ಜೀಪು ಓಡಬೇಕು.

ಸರೋಜಮ್ಮ ಬಾಗಿಲಿಗೆ ಹೋಗಿ ಅಟೆಂಡರ್ ನಿಂಗಪ್ಪನನ್ನು ಕೂಗಿದರು. ಅವರು ಹೇಳಿದ ಮಾತು ನನಗೆ ಇವತ್ತಿಗೂ ಅಕ್ಷರಶಃ ನೆನಪಿದೆ. "ನಿಂಗಪ್ಪ, ಹೊಂಗೆ ಮರದ ಕೆಳಗೆ ಹಟ್ಟಿಯವರಿದ್ದಾರೆ, ರಕ್ತ ಕೊಡ್ತಾರೇನೋ ಕೇಳಿ ಬಾ. ಕೊಡಲ್ಲ, ಆದ್ರೂ ಕೇಳು."

ನಿಂಗಪ್ಪ ಹೋದಷ್ಟೇ ಬೇಗ ಬಂದ. "ಇಲ್ಲ ಅಂದ್ರು ಸಿಸ್ಟರ್."

"ಗೊತ್ತಿತ್ತು" ಎಂದರು ಸರೋಜಮ್ಮ.

ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ನಾನೂ ತಲೆ ಆಡಿಸಿದೆ. ಯಾರಿಗೂ ಆಶ್ಚರ್ಯವಾಗಲಿಲ್ಲ. ಆಶ್ಚರ್ಯವಾಗಿದ್ದರೆ ಇನ್ನೊಬ್ಬರು ಎದ್ದು ಹೋಗಿ ಕೇಳುತ್ತಿದ್ದರೇನೋ. ನಿರೀಕ್ಷೆ ಮಾಡಿದ ಉತ್ತರ ಬಂದರೆ ಅದನ್ನು ಯಾರು ತಿರುಗಿಸಿ ನೋಡುತ್ತಾರೆ?

ರಕ್ತ ಮಾರುವವನನ್ನು ಹೋಟೆಲಿನಿಂದ ಎಳೆದು ತಂದರು. ಅವನ ಗುಂಪು ಹೊಂದಲಿಲ್ಲ. ಡಾಕ್ಟರಮ್ಮ ತಮ್ಮ ಬೆರಳನ್ನೇ ಚುಚ್ಚಿಸಿಕೊಂಡರು. ಅದೂ ಹೊಂದಲಿಲ್ಲ. ನನ್ನದೂ ಇಲ್ಲ, ಸರೋಜಮ್ಮನದೂ ಇಲ್ಲ. ಆ ಇಬ್ಬರ ಬಗ್ಗೆ ಕೆಟ್ಟದ್ದು ಬರೆಯುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. ಒಳಗೆ ಮಾಡಬಹುದಾದದ್ದನ್ನೆಲ್ಲ ಅವರು ಮಾಡಿದರು. ಕಾಂಪೌಂಡಿನ ಹೊರಗಿನವರ ಉತ್ತರವಷ್ಟೇ ಅವರಿಗೆ ಮೊದಲೇ ಗೊತ್ತಿತ್ತು. ದಾವಣಗೆರೆಗೆ ಜೀಪು ಹೊರಟಿತು.

ಚಿತ್ತಮ್ಮನಿಗೆ ಎಚ್ಚರವಿತ್ತು. "ಯಕ್ಕ, ಛಳಿ ಆಗ್ತೈತೆ" ಎಂದಳು. ಹೊರಗೆ ಬಿಸಿಲಿಗೆ ನೆಲ ಕಾದಿತ್ತು. ಅವಳ ಕಂಬಳಿಯನ್ನೇ ಹೊದಿಸಿದೆ. "ಹೊರಗಿರೋರು ಏನಾದ್ರೂ ಉಂಡ್ರಾ?" ಎಂದು ಕೇಳಿದಳು. ಉಂಡಿದ್ದಾರೆ ಎಂದೆ. ನನಗೇನು ಗೊತ್ತು, ನಾನು ನೋಡಿರಲಿಲ್ಲ. ಆಮೇಲೆ ಅವಳು ಮಾತಾಡಲಿಲ್ಲ. ಹೊತ್ತು ಮುಳುಗುವ ಮೊದಲೇ ಹೋದಳು. ಜೀಪು ಬಾಟಲಿ ತಂದಾಗ ನಾನು ಅವಳ ಕಣ್ಣು ಮುಚ್ಚಿ, ಕಾಲಿನ ಬೆರಳು ಕಟ್ಟಿ ಆಗಿತ್ತು.

ಕೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಗೆ ಹೊರಟೆ. "ಮುದುಕಿ ಕೈಗೆ ಕೊಡು. ಗಂಡಸರು ಮುಟ್ಟಲ್ಲ" ಎಂದರು ಸರೋಜಮ್ಮ. ಅದು ನನಗೂ ಗೊತ್ತಿದ್ದದ್ದೇ.

ನಾನು ಗೇಟು ದಾಟುತ್ತಿದ್ದಂತೆ ಗಿರಿಯಜ್ಜ ದೂರದಿಂದಲೇ ಕೈ ಎತ್ತಿದ. "ಅಲ್ಲೇ ನಿಂತ್ಕಳಮ್ಮ, ಅಲ್ಲೇ. ಆಗ್ಲೇ ಒಬ್ಬ ಬಂದಿದ್ದ. ನಮ್ ತಾವ ಏನೂ ಇಲ್ಲ ಅಂತ ಹೇಳಿ ಕಳ್ಸೀವಿ. ಹೆರಿಗೆ ಮುಗೀಲಿ. ಊರಿಗೆ ಹೋಗಾಗ ನಿಮ್ಮನ್ನೆಲ್ಲ ಬರಿಗೈಲಿ ಬಿಡಲ್ಲ."

ಅವನು ಹೇಳಿದ್ದು ಆ ಕ್ಷಣಕ್ಕೆ ನನ್ನ ತಲೆಗೆ ಹೋಗಲಿಲ್ಲ. "ಹೆರಿಗೆ ಮುಗೀತಜ್ಜ" ಎಂದೆ. "ಹೆಣ್ಣು ಕೂಸು. ತಾಯಿ ಸತ್ತೋದ್ಲು."

ಇಂಥದ್ದನ್ನು ಸುತ್ತಿಬಳಸಿ ಹೇಳುವ ಅಭ್ಯಾಸ ನನಗಿರಲಿಲ್ಲ. ಮುದುಕಿ ಬಾಯಿಗೆ ಸೆರಗು ಒತ್ತಿಕೊಂಡಳು. ಕ್ಯಾತಪ್ಪ ಎದ್ದು ನಿಂತ. ಬೆಳಿಗ್ಗೆಯಿಂದ ಅವನ ಮಾತು ನಾನು ಕೇಳಿದ್ದು ಅದೇ ಮೊದಲು.

"ಏನಾತು?"

"ರಕ್ತ ನಿಲ್ಲಲಿಲ್ಲ. ಬೇರೆ ರಕ್ತ ಕೊಟ್ಟಿದ್ರೆ ಏನಾಗ್ತಿತ್ತೋ. ನೀವು ಕೊಡಲ್ಲ ಅಂದ್ರಲ್ಲ." ಕೋಪದಲ್ಲೇ ಹೇಳಿದೆ. ನನ್ನ ಕೈಯೊಳಗೆ ಸತ್ತವಳು ಅವಳು.

"ರಕ್ತನಾ? ಯಾರು ಕೇಳಿದ್ರು?"

"ಅಟೆಂಡರ್ ಬಂದಿದ್ನಲ್ಲಪ್ಪ."

"ಬಂದಿದ್ದ. ಹಟ್ಟಿಯೋರು ನೀವೇ ಏನ್ರೋ ಅಂದ. ದೊಡ್ಡಪ್ಪ ನಮ್ ತಾವ ಏನಿಲ್ಲ ಹೋಗು ಅಂತು. ಅವನು ಹೋದ."

"ರಕ್ತ ಅನ್ಲಿಲ್ವಾ?"

"ರಕ್ತ ಅಂದಿದ್ರೆ ನಾನ್ಯಾಕೆ ಇಲ್ಲಿ ಕುಂತಿರ್ತಿದ್ದೆ ಯಕ್ಕ?"

ಕೂಗಿ ಹೇಳಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದವನ ಹಾಗೆ ಕೇಳಿದ. ಅವನು ಕೋಲು ಕೆಳಗೆ ಹಾಕಿ ಎರಡೂ ಕೈ ಮುಂದೆ ಚಾಚಿದ. "ತಾ ಇಲ್ಲಿ."

"ಲೇ ಕ್ಯಾತ, ಮುಟ್ಟಬ್ಯಾಡ ಕಣಲೇ" ಎಂದ ಗಿರಿಯಜ್ಜ. "ಸೂತಕ ಐತೆ. ನಿಮ್ಮ ದೊಡ್ಡವ್ವ ಎತ್ಕಂತಾಳೆ. ದೇವರು ದಿಂಡರು ಮನೇಲವೆ."

"ಸುಮ್ಕಿರು ದೊಡ್ಡಪ್ಪ."

ಹೊಕ್ಕುಳಬಳ್ಳಿ ಕತ್ತರಿಸಿ ಹಚ್ಚಿದ ಮದ್ದಿನ ವಾಸನೆಯೂ ಹೋಗದ ಕೂಸನ್ನು ಅವನು ಬರಿಗೈಯಲ್ಲಿ ಎತ್ತಿಕೊಂಡ. ಕಂಬಳಿಯೊಳಗೆ ಎದೆಗೆ ಹಿಡಿದುಕೊಂಡ. ಅಷ್ಟು ವರ್ಷದ ನೌಕರಿಯಲ್ಲಿ ಹಟ್ಟಿಯ ಗಂಡಸು ಹಾಗೆ ಮಾಡಿದ್ದನ್ನು ನಾನು ನೋಡಿರಲಿಲ್ಲ. ಕೂಸನ್ನು ಮುಟ್ಟಿದವನು ರಕ್ತ ಕೊಡುತ್ತಿರಲಿಲ್ಲ ಎಂದು ಯಾರು ಹೇಳಿದರೂ ನಾನು ನಂಬುವುದಿಲ್ಲ. ಅವನ ರಕ್ತ ಹೊಂದುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಹೊಂದಿದ್ದರೂ ಅವಳು ಉಳಿಯುತ್ತಿದ್ದಳೋ ಇಲ್ಲವೋ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ.

ವಾಪಸು ಬಂದವಳು ನೇರ ನಿಂಗಪ್ಪನ ಹತ್ತಿರ ಹೋದೆ. ಅವನು ಸ್ಟೂಲಿನ ಮೇಲೆ ಕೂತು ಬೀಡಿ ಕಟ್ಟು ಬಿಚ್ಚುತ್ತಿದ್ದ.

"ಏನಂತ ಕೇಳಿದ್ಯೋ ಅವ್ರನ್ನ?"

"ಹೋದೆ. ನಾನು ಬಾಯಿ ತೆಗೆಯೋಕ್ ಮುಂಚೇನೇ ಆ ಮುದುಕ ಕೈ ಅಲ್ಲಾಡಿಸ್ದ. ಏನಿಲ್ಲ ಹೋಗು ಅಂದ."

"ಬಾಯಲ್ಲಿ ರಕ್ತ ಅಂದ್ಯೋ ಇಲ್ವೋ?"

"ಅನ್ನೋದೇನೈತೆ ತಿಮ್ಮಕ್ಕ? ಕೊಡಲ್ಲ ಅಂತ ಸಿಸ್ಟರೇ ಹೇಳಿ ಕಳ್ಸಿದ್ರಲ್ಲ. ಅವ್ನೂ ಇಲ್ಲ ಅಂದ. ಸರಿಹೋತಲ್ಲ."

"ಅವ್ರು ನೀನು ಇನಾಮು ಕೇಳಕ್ಕೆ ಬಂದೆ ಅಂದ್ಕಂಡವ್ರೆ ಕಣೋ."

ಅವನ ಮುಖ ಕೆಂಪಗಾಯಿತು. "ನಾನಾ? ಅಂಥ ಹೊತ್ತಲ್ಲಿ? ನನ್ನನ್ನ ಏನಂತ ತಿಳ್ಕಂಡವ್ರೆ ಅವ್ರು?"

ಆ ಬೆಳಿಗ್ಗೆ ತಾನೇ ಬಜಾರಿನವರ ಹತ್ತಿರ ಇಸಕೊಂಡ ಬೀಡಿ ಕಟ್ಟು ಅವನ ಕೈಯಲ್ಲೇ ಇತ್ತು. ಹೆಂಗಸು ಸತ್ತದ್ದಕ್ಕಿಂತ ತನ್ನನ್ನು ಹಾಗೆ ತಿಳಿದರು ಎಂಬುದೇ ಅವನಿಗೆ ಹೆಚ್ಚು ನೋವಾಯಿತು. ಅವನನ್ನು ಬೈಯಬೇಕೆಂದು ಬಾಯಿ ತೆರೆದೆ. ಏನಂತ ಬೈಯಲಿ? ಕೇಳುವವನಿಗೆ ಉತ್ತರ ಗೊತ್ತಿತ್ತು, ಹೇಳುವವನಿಗೆ ಪ್ರಶ್ನೆ ಗೊತ್ತಿತ್ತು. ಇಬ್ಬರೂ ಮುಖ ನೋಡಿ ತಿಳಿದುಕೊಂಡರು. ಇಬ್ಬರೂ ಬೇರೆ ದಿನಗಳ ಅನುಭವದಿಂದಲೇ ತಿಳಿದುಕೊಂಡದ್ದು. ಆ ದಿನ ಮಾತ್ರ ಎರಡೂ ತಪ್ಪಾದವು.

ಸರೋಜಮ್ಮನಿಗೆ ಎಲ್ಲ ಹೇಳಿದೆ. ಅವರು ಕೈ ತೊಳೆದುಕೊಂಡರು. "ಈಗ ಹಂಗಂತಾರೆ ಬಿಡೇ. ಕೇಳಿದ್ರೂ ಕೊಡ್ತಿರಲಿಲ್ಲ" ಎಂದರು. ಕೇಳಿದರೂ ಕೊಡುತ್ತಿರಲಿಲ್ಲ ಎನ್ನುವವರ ಮುಂದೆ ಯಾವ ಸಾಕ್ಷಿ ಇಡಬೇಕು? ಗಂಡನೇ ಕೂಸು ಎತ್ತಿಕೊಂಡ ಎಂದೆ. "ಸಂಕಟದಲ್ಲಿ ಎತ್ಕೊಂಡಿರ್ತಾನೆ" ಎಂದರು. ಡಾಕ್ಟರಮ್ಮ ಮಾತ್ರ, "ನಾನೇ ಹೋಗಬೇಕಿತ್ತು" ಎಂದರು. ಆದರೆ ಅವರು ಬೇಗ ವರ್ಗವಾಗಿ ಹೋದರು. ಆ ಮಾತೂ ಅವರ ಜೊತೆಗೇ ಹೋಯಿತು.

ಉಳಿದದ್ದು ಕಥೆ. ಆಸ್ಪತ್ರೆಯಲ್ಲಿ ಅದನ್ನು ಹೇಳುತ್ತಿದ್ದದ್ದು ಹೀಗೆ: ಹಟ್ಟಿಯವನೊಬ್ಬ, ಒಳಗೆ ಹೆಂಡತಿ ಸಾಯುತ್ತಿದ್ದರೂ ಮರದ ಕೆಳಗೆ ಕೂತಿದ್ದ, ಒಂದು ತೊಟ್ಟು ರಕ್ತ ಕೊಡಲಿಲ್ಲ. ಹೊಸ ನರ್ಸು ಬಂದಾಗಲೆಲ್ಲ ಹೇಳುತ್ತಿದ್ದರು. ಎದುರಿನ ಟೀ ಅಂಗಡಿಯಲ್ಲೂ ಹೇಳುತ್ತಿದ್ದರು. ಮೊದಲು ಹಟ್ಟಿಯವರು ರಕ್ತ ಕೊಡುವುದಿಲ್ಲ ಎಂಬುದು ಬರೀ ಮಾತಾಗಿತ್ತು. ಈಗ ಅದಕ್ಕೊಂದು ಹೆಣ ಸಾಕ್ಷಿಯಾಗಿ ಸಿಕ್ಕಿತು.

ಹಟ್ಟಿಗಳಲ್ಲಿ ಅದೇ ಹೆಣ ಬೇರೆ ಕಥೆಗೆ ಸಾಕ್ಷಿಯಾಯಿತು. ಮತ್ತೋಡಿನ ಕಡೆಯಿಂದ ಮುಂದಿನ ಹೆರಿಗೆಗೆ ಬಂದ ಹೆಂಗಸು ಗೇಟಿನಲ್ಲೇ ಸೆರಗಿನ ಗಂಟು ಬಿಚ್ಚಿ ನನ್ನ ಕೈಗೆ ನಾಣ್ಯ ತುರುಕಿದಳು. "ಏನಿದು?" ಎಂದೆ. "ಮೊದ್ಲೇ ಕೊಡದಿದ್ರೆ ನೀವು ಬಾಣಂತೀನ ಉಳ್ಸಲ್ಲವಂತಲ್ಲ ಯಕ್ಕ" ಎಂದಳು. ಅಟೆಂಡರನ ಕೈಗೆ ಏನೂ ಇಡದೆ ಕಳಿಸಿದ್ದಕ್ಕೆ ಚಿತ್ತಮ್ಮನನ್ನು ಒಳಗೆ ಸಾಯಲು ಬಿಟ್ಟರು ಎಂದು ಅವರಲ್ಲಿ ಸುದ್ದಿಯಾಗಿತ್ತು. ನಾನು ಬೇಡ ಎಂದು ನಾಣ್ಯ ವಾಪಸು ಕೊಟ್ಟೆ. ಅವಳ ಮುಖ ಬಿಳುಚಿಕೊಂಡಿತು. ನಾಣ್ಯ ತೆಗೆದುಕೊಳ್ಳದಿದ್ದರೆ ತನ್ನ ಗತಿ ಮುಗಿಯಿತು ಎಂದುಕೊಂಡು ಅಳಲು ಶುರುಮಾಡಿದಳು. ಕೊನೆಗೆ ತೆಗೆದುಕೊಂಡೆ. ತೆಗೆದುಕೊಂಡ ಮೇಲೆ ಸಮಾಧಾನವಾಗಿ ಮಂಚ ಹತ್ತಿದಳು. ಬಾಯಲ್ಲಿ ಎಷ್ಟು ಹೇಳಿದರೂ ಆಗದ ಕೆಲಸ ಆ ನಾಣ್ಯದಿಂದ ಆಯಿತು.

ಎರಡು ವರ್ಷದ ಮೇಲೆ ಹಿರಿಯೂರು ಕಡೆಯ ಹಟ್ಟಿಯೊಂದರಿಂದ ಬಂದವಳಿಗೂ ಹೀಗೇ ಆಯಿತು. ಮಾಸು ಬಿತ್ತು, ರಕ್ತ ನಿಲ್ಲಲಿಲ್ಲ. ಆ ಹೊತ್ತಿಗೆ ಹೊಸ ಡಾಕ್ಟರು ಬಂದಿದ್ದರು. ಸರೋಜಮ್ಮ ನಿಂಗಪ್ಪನನ್ನು ಕೂಗುವ ಮೊದಲೇ ನಾನು ಸೆರಗು ಸಿಕ್ಕಿಸಿ ಹೊರಟೆ. ಮರದ ಕೆಳಗಿದ್ದವರು ನನ್ನನ್ನು ನೋಡಿ ಕೈ ಎತ್ತಿದರು. ನಾನು ನಿಲ್ಲಲಿಲ್ಲ. ಹೋಗಿ ಅವರ ನಡುವೆ ನೆಲದ ಮೇಲೆ ಕೂತೆ.

"ಮೊದ್ಲು ಕೇಳ್ರಿ, ಆಮೇಲೆ ಇಲ್ಲ ಅನ್ರಿ. ನಾನು ಇನಾಮಿಗೆ ಬಂದಿಲ್ಲ. ಒಳಗೆ ನಿಮ್ಮ ಮನೆ ಹೆಣ್ಮಗಳಿಗೆ ರಕ್ತ ಬೇಕು. ಈ ತೋಳಿಗೆ ಸೂಜಿ ಚುಚ್ಚಿ ಒಂದು ಬಾಟ್ಲಿ ತಗಂತಾರೆ. ನಿಮಗೇನೂ ಆಗಲ್ಲ. ಉಂಡ್ರೆ ಮತ್ತೆ ಬರ್ತದೆ. ಕೊಡ್ತೀರಾ?"

ಒಬ್ಬೊಬ್ಬನನ್ನೇ ಕೇಳಿದೆ. ಗಂಡನ ಅಣ್ಣ, "ನಮ್ಮ ದೇವ್ರು ಒಪ್ಪಲ್ಲಮ್ಮ" ಎಂದ. ಇನ್ನೊಬ್ಬ, ರಕ್ತ ಕೊಟ್ಟರೆ ಗಂಡಸಿಗೆ ಬಲ ಹೋಗುತ್ತದೆ ಎಂದ. ಗಂಡ ತಲೆ ತಗ್ಗಿಸಿ ಕೂತವನು ಎದ್ದು ಕೆರೆ ಕಡೆ ನಡೆದ. ಸರೋಜಮ್ಮ ಹೇಳುತ್ತಿದ್ದ ಹಾಗೇ ಆಯಿತು, ಒಂದು ಮಾತೂ ಹೆಚ್ಚು ಕಡಿಮೆ ಇಲ್ಲ. ನನಗೆ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇವರಿಗೋಸ್ಕರ ನಾನು ಎರಡು ವರ್ಷ ವಾರ್ಡಿನಲ್ಲಿ ಜಗಳ ಆಡಿದೆನಲ್ಲ ಎನ್ನಿಸಿತು. ಎದ್ದೆ.

ಆಗ ಹಿಂದಿನಿಂದ ಒಂದು ದನಿ ಬಂತು. "ಯಕ್ಕ, ಹೆಂಗಸ್ರುದು ಆಗಲ್ವಾ?"

ಒಳಗಿದ್ದವಳ ಅಕ್ಕ. ಗಂಡಸರಿಂದ ದೂರದಲ್ಲಿ ಒಲೆ ಹೂಡಿಕೊಂಡು ಕೂತಿದ್ದಳು. ಬೆಳಿಗ್ಗೆಯಿಂದ ನಾನು ಅವಳನ್ನು ದಾಟಿಕೊಂಡೇ ಓಡಾಡಿದ್ದೆ. ರಕ್ತ ಕೇಳಬೇಕಾದರೆ ಗಂಡಸರನ್ನು ಕೇಳಬೇಕು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡದೆಯೇ ಬಂದಿತ್ತು ಅದು.

"ಆಗ್ತದೆ ಕಣವ್ವ. ಕೊಡ್ತೀಯಾ?"

"ನನ್ ತಂಗಿ ಅಲ್ವಾ? ನಡಿ ಹೋಗಾಣ."

ಗಂಡಸರು ಏನೇನೋ ಅಂದರು. ಅವಳು ತಿರುಗಿ, "ನಿಮ್ದೇನೂ ಕೇಳ್ತಿಲ್ಲವಲ್ಲ, ಕುಂತ್ಕಳ್ರಿ" ಎಂದು ಹೇಳಿ ನನ್ನ ಮುಂದೆ ಮುಂದೆ ನಡೆದಳು. ಅವಳ ಗುಂಪು ಹೊಂದಿತು. ತಂಗಿ ಉಳಿದಳು.

ಇನ್ನಾದರೂ ಆ ಮಾತು ನಿಲ್ಲುತ್ತದೆ ಎಂದುಕೊಂಡೆ. ಡ್ಯೂಟಿ ಮುಗಿಸಿ ಹೋಗುವಾಗ ಸರೋಜಮ್ಮನಿಗೆ ಹೇಳಿದೆ. "ನೋಡಿದ್ರಾ ಸಿಸ್ಟರ್, ಹಟ್ಟಿಯೋಳು ರಕ್ತ ಕೊಟ್ಲು."

"ಅವಳು ಬೇರೆ ಕಣೇ ತಿಮ್ಮಕ್ಕ" ಎಂದರು ಅವರು. "ಪೇಟೆಗೆ ಬೆಣ್ಣೆ ಮಾರೋಕೆ ಬರೋಳು, ನಾಕು ಜನರನ್ನ ಕಂಡೋಳು. ಅವಳನ್ನ ಹಟ್ಟಿಯವಳು ಅನ್ನೋಕಾಗುತ್ತಾ? ಆ ಗಂಡಸರನ್ನ ನೋಡಲಿಲ್ವಾ? ಅವ್ರು ಹಟ್ಟಿಯವರು."

ಈ ಕಸುಬು ನನಗೆ ಕಲಿಸಿದ್ದು ಆ ಮಾತಿನಲ್ಲೇ ಇದೆ. ಕೊಡದವನು ಇಡೀ ಹಟ್ಟಿಯ ಲೆಕ್ಕಕ್ಕೆ ಬೀಳುತ್ತಾನೆ. ಕೊಟ್ಟವಳು ತನ್ನೊಬ್ಬಳ ಲೆಕ್ಕಕ್ಕೆ. ಹಾಗಾಗಿ ಎಷ್ಟು ಜನ ಕೊಟ್ಟರೂ ಆ ಮಾತು ಸವೆಯುವುದಿಲ್ಲ. ನಮ್ಮ ಬಗ್ಗೆ ಅವರು ಇಟ್ಟುಕೊಂಡ ಮಾತೂ ಹಾಗೆಯೇ. ಯಾರಿಗೆ ಯಾವ ಮಂಚ, ಯಾರಿಗೆ ಏನು ಹೇಳಬಾರದು, ಯಾರನ್ನು ಹೆಚ್ಚು ಸಾರಿ ನೋಡಬೇಕು, ಇಷ್ಟಕ್ಕೆ ಜನರ ಬಗೆಗಿನ ತಿಳುವಳಿಕೆ ಬೇಕು, ನಾನು ಕೊನೆಯವರೆಗೂ ಬಳಸಿದೆ. ಒಬ್ಬ ಮನುಷ್ಯ ಹೌದು ಅನ್ನುತ್ತಾನೋ ಇಲ್ಲ ಅನ್ನುತ್ತಾನೋ ಎಂಬುದನ್ನು ಮಾತ್ರ ಅವನ ಬಾಯಿಂದಲೇ ಕೇಳಬೇಕು. ಹತ್ತರಲ್ಲಿ ಒಂಬತ್ತು ಸಾರಿ ನೀವು ಅಂದುಕೊಂಡದ್ದೇ ಬರುತ್ತದೆ. ಬರಲಿ. ಪೂರ್ತಿ ಮಾತಿನಲ್ಲಿ ಕೇಳಿ, ಪೂರ್ತಿ ಉತ್ತರ ಬರುವ ತನಕ ಅಲ್ಲೇ ನಿಲ್ಲಬೇಕು. ಈ ಕೆಲಸಕ್ಕೆ ನಾನು ಆಮೇಲೆ ಬೇರೆ ಯಾರನ್ನೂ ಕಳಿಸಲಿಲ್ಲ.

ನಾನು ರಿಟೈರ್ ಆದ ದಿನ ವಾರ್ಡಿನಲ್ಲಿ ಹಾರ ಹಾಕಿ ಕಾಫಿ ಕೊಟ್ಟರು. ಪಕ್ಕದಲ್ಲಿ ಒಬ್ಬ ನರ್ಸು ಹೊಸದಾಗಿ ಬಂದವಳಿಗೆ ಹೇಳುತ್ತಿದ್ದಳು, ಹಿಂದೆ ಒಬ್ಬ ಹಟ್ಟಿಯವನು ಹೆಂಡತಿ ಸಾಯುತ್ತಿದ್ದರೂ ಹೊರಗೆ ಕೂತಿದ್ದನಂತೆ, ರಕ್ತ ಕೊಡಲಿಲ್ಲವಂತೆ ಎಂದು. ಚಿತ್ತಮ್ಮ ಸತ್ತಾಗ ಆ ನರ್ಸು ಇನ್ನೂ ಲಂಗ ಉಡುವ ಮಗುವಾಗಿದ್ದಿರಬೇಕು. ನಾನು ಕಾಫಿ ಲೋಟ ಕೆಳಗಿಟ್ಟು, "ಅವನನ್ನ ಯಾರೂ ಕೇಳಲೇ ಇಲ್ಲ ಕಣಮ್ಮ. ನಾನು ಅಲ್ಲೇ ಇದ್ದೆ" ಎಂದೆ.

"ಹೌದಾ ತಿಮ್ಮಕ್ಕ?" ಎಂದಳು ಅವಳು, ಬಹಳ ಮರ್ಯಾದೆಯಿಂದ. ನಾನು ಹಾರ ತೆಗೆದು ಚೀಲಕ್ಕೆ ಹಾಕಿಕೊಳ್ಳಲು ಆ ಕಡೆ ತಿರುಗಿದೆ. ಅವಳು ದನಿ ತಗ್ಗಿಸಿ ಹೊಸಬಳಿಗೆ ಮಿಕ್ಕ ಕಥೆ ಮುಗಿಸಿದಳು. ಅದರಲ್ಲಿ ಅವನು ರಕ್ತ ಕೊಡಲಿಲ್ಲ.